ಕ್ಯಾನ್ಸರಿನ ಆಜ್ಞೆಯನ್ನು ಮೌನಗೊಳಿಸುವ ಆರ್‌ಎನ್‌ಎ: ಆಸೆ ಎಷ್ಟು, ಆಧಾರ ಎಷ್ಟು?



ಕ್ಯಾನ್ಸರಿಗೆ ಹೊಸ ಸೂಜಿಯೊಂದು ಬಂದಿದೆ, ಅದು ರೋಗದ ಜೀನಿನ ಬಾಯಿಯನ್ನೇ ಮುಚ್ಚಿಸುತ್ತದೆ, ಕೂದಲು ಉದುರುವುದಿಲ್ಲ, ವಾಂತಿಯಾಗುವುದಿಲ್ಲ ಎಂಬ ಮಾತು ಮೊಬೈಲುಗಳ ಮೂಲಕ ನಮ್ಮ ಹಳ್ಳಿಗಳಿಗೂ ತಲುಪಿದೆ. ಸಾಯಗಾಂವ ಹೋಬಳಿಯ ಕಡೆಯ ಭಕ್ತರು ಮನೆಯಲ್ಲಿ ಇಂಥ ರೋಗಿಯಿದ್ದಾಗ ಕೇಳುವ ಪ್ರಶ್ನೆ ಒಂದೇ: "ಡಾಕ್ಟರ್ ಸಾಹೇಬ್ರ, ಆ ಹೊಸ ಸೂಜಿ ಬರೂತನಾ ತಡದ್ರ ನಡೀತದೇನ್ರಿ?" ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ನಡೆಯುವುದಿಲ್ಲ. ಇಂದು ದೊರೆಯುವ ಚಿಕಿತ್ಸೆಯನ್ನು ಒಂದು ತಿಂಗಳೂ ಮುಂದೂಡಬಾರದು. ಆದರೆ ಆ ಸುದ್ದಿ ಪೂರ್ತಿ ಸುಳ್ಳೂ ಅಲ್ಲ. ಅದರ ಹಿಂದೆ ನೊಬೆಲ್ ಪಾರಿತೋಷಕ ಪಡೆದ ವಿಜ್ಞಾನವಿದೆ, ಮೂರು ದಶಕಗಳ ಪರಿಶ್ರಮವಿದೆ, ಕೆಲವು ಗೆಲುವುಗಳೂ ಕೆಲವು ಸಾವುಗಳೂ ಇವೆ. ಯಾವುದು ಎಷ್ಟು ಎಂಬುದನ್ನು ತಿಳಿದವರು ಮೋಸ ಹೋಗುವುದು ಕಡಿಮೆ. ಆದ್ದರಿಂದ ಈ ತಿಂಗಳ ಆರೋಗ್ಯ ಪಾಠವನ್ನು ಇದಕ್ಕೇ ಮೀಸಲಿಟ್ಟಿದ್ದೇನೆ.

ಮೂಲ ದಫ್ತರು ಮತ್ತು ನಕಲು ಪ್ರತಿ

ಭಾಲ್ಕಿಯ ತಹಶೀಲ ಕಚೇರಿಯ ದಾಖಲೆ ಕೋಣೆಯನ್ನು ನೆನೆಯಿರಿ. ಅಲ್ಲಿನ ಮೂಲ ದಫ್ತರನ್ನು ಯಾರೂ ಹೊರಗೆ ಒಯ್ಯುವಂತಿಲ್ಲ. ಬೇಕಾದವರು ಪಹಣಿಯ ನಕಲು ಪಡೆದು ಬ್ಯಾಂಕಿಗೋ ಸೊಸೈಟಿಗೋ ಹೋಗುತ್ತಾರೆ. ಸಾಲ, ಬೀಜ, ಗೊಬ್ಬರದ ಕೆಲಸವೆಲ್ಲ ನಡೆಯುವುದು ಆ ನಕಲಿನ ಮೇಲೆಯೇ. ನಮ್ಮ ಜೀವಕೋಶದ ವ್ಯವಸ್ಥೆಯೂ ಹೀಗೆಯೇ ಇದೆ. ಕೋಶಕೇಂದ್ರವೆಂಬ ಕೋಣೆಯಲ್ಲಿ ಡಿಎನ್‌ಎ ಎಂಬ ಮೂಲ ದಫ್ತರಿದೆ; ಅದರ ಒಂದೊಂದು ಪುಟವನ್ನು ಒಂದೊಂದು ಜೀನು ಎನ್ನಬಹುದು. ಯಾವ ಪ್ರೋಟೀನು ಬೇಕೋ ಆ ಪುಟದ ನಕಲೊಂದು ತಯಾರಾಗಿ ಕೋಣೆಯ ಹೊರಗೆ ಬರುತ್ತದೆ. ಅದಕ್ಕೆ ಸಂದೇಶವಾಹಕ ಆರ್‌ಎನ್‌ಎ ಎಂದು ಹೆಸರು. ಹೊರಗಿರುವ ರೈಬೋಸೋಮ್ ಎಂಬ ಯಂತ್ರಗಳು ಆ ನಕಲನ್ನು ಓದಿ, ಅದರಲ್ಲಿ ಬರೆದಂತೆ ಪ್ರೋಟೀನನ್ನು ಕಟ್ಟುತ್ತವೆ.

ಕ್ಯಾನ್ಸರ್ ಎಂದರೆ ಈ ದಫ್ತರಿನ ಕೆಲವು ಪುಟಗಳು ಕೆಟ್ಟುಹೋದ ಸ್ಥಿತಿ. ತಂಬಾಕು, ಕೆಲವು ವೈರಸ್ಸುಗಳು, ವಿಕಿರಣ, ವಯಸ್ಸು, ಕೆಲವೊಮ್ಮೆ ಬರೀ ದುರದೃಷ್ಟ ಇದಕ್ಕೆ ಕಾರಣ. ಕೆಟ್ಟ ಪುಟದಿಂದ "ಒಡೆದು ಎರಡಾಗು, ನಿಲ್ಲಬೇಡ" ಎಂಬ ಆಜ್ಞೆಯ ನಕಲುಗಳು ಸತತವಾಗಿ ಹೊರಡುತ್ತವೆ, ಕೋಶ ಅದನ್ನು ಪಾಲಿಸುತ್ತ ಗಡ್ಡೆಯಾಗುತ್ತದೆ. ಈಗಿರುವ ಕೀಮೋಥೆರಪಿಯ ಹೆಚ್ಚಿನ ಔಷಧಗಳು ಆಜ್ಞೆಯನ್ನು ಗುರುತಿಸಲಾರವು; ಬೇಗ ಬೇಗ ಒಡೆಯುವ ಕೋಶ ಯಾವುದೇ ಇರಲಿ ಅದನ್ನು ಹೊಡೆಯುತ್ತವೆ. ಕೂದಲ ಬುಡದ ಕೋಶಗಳೂ ಕರುಳಿನ ಒಳಪದರವೂ ಬೇಗ ಒಡೆಯುವಂಥವೇ. ಕೂದಲು ಉದುರುವುದು, ಬಾಯಿಹುಣ್ಣು, ಭೇದಿ ಇವೆಲ್ಲ ಬರುವುದು ಆ ಕಾರಣದಿಂದ.

ಹಾಗಾದರೆ ಕೆಟ್ಟ ಆಜ್ಞೆಯ ನಕಲನ್ನಷ್ಟೇ ಹುಡುಕಿ ಹರಿದುಹಾಕಿದರೆ? ಮೂಲ ದಫ್ತರನ್ನು ಮುಟ್ಟುವ ಅಗತ್ಯವಿಲ್ಲ, ಬೇರೆ ನಕಲುಗಳಿಗೂ ತೊಂದರೆಯಿಲ್ಲ. ಜೀನನ್ನು ಮೌನಗೊಳಿಸುವ ಆರ್‌ಎನ್‌ಎ ಚಿಕಿತ್ಸೆಯ ಮೂಲ ವಿಚಾರ ಇಷ್ಟೇ. ಮೂಲ ಪುಟ ಹಾಗೆಯೇ ಉಳಿಯುವುದರಿಂದ ಹೊಸ ನಕಲುಗಳು ಬರುತ್ತಲೇ ಇರುತ್ತವೆಂಬುದನ್ನೂ ಇಲ್ಲಿಯೇ ಗಮನಿಸಬೇಕು. ಎಂದರೆ ಈ ಔಷಧವನ್ನು ಒಮ್ಮೆ ಕೊಟ್ಟರೆ ಮುಗಿಯುವುದಿಲ್ಲ, ಮತ್ತೆ ಮತ್ತೆ ಕೊಡಬೇಕು. "ಒಂದೇ ಸೂಜಿ, ಜನ್ಮಪೂರ್ತಿ ಗುಣ" ಎಂಬ ಮಾತನ್ನು ಕೇಳಿದೊಡನೆ ಅನುಮಾನಿಸಲು ಇದೊಂದೇ ಸಂಗತಿ ಸಾಕು.

ಹೂವಿನಿಂದ ಹುಳುವಿಗೆ, ಹುಳುವಿನಿಂದ ಮನುಷ್ಯನಿಗೆ

ಈ ವಿದ್ಯೆ ಮೊದಲು ಕಣ್ಣಿಗೆ ಬಿದ್ದದ್ದು ಆಸ್ಪತ್ರೆಯಲ್ಲಲ್ಲ, ಹೂಗಿಡದಲ್ಲಿ. ಪೆಟೂನಿಯಾ ಹೂವಿನ ನೇರಳೆ ಬಣ್ಣವನ್ನು ಇನ್ನಷ್ಟು ಗಾಢಗೊಳಿಸಬೇಕೆಂದು ಬಣ್ಣದ ಜೀನಿನ ಹೆಚ್ಚುವರಿ ಪ್ರತಿಯನ್ನು ಗಿಡಕ್ಕೆ ಸೇರಿಸಿದ ವಿಜ್ಞಾನಿಗಳಿಗೆ 1990ರಲ್ಲಿ ಬಿಳಿಯ ಹೂಗಳು, ಬಿಳಿ ಪಟ್ಟೆಯ ಹೂಗಳು ದೊರೆತವು. ಬಣ್ಣ ಹೆಚ್ಚುವ ಬದಲು ಇದ್ದ ಬಣ್ಣವೂ ಮೌನವಾಗಿತ್ತು. ಕಾರಣ ಆಗ ಯಾರಿಗೂ ಹೊಳೆಯಲಿಲ್ಲ. 1998ರಲ್ಲಿ ಅಮೆರಿಕದ ಆಂಡ್ರ್ಯೂ ಫೈರ್ ಮತ್ತು ಕ್ರೇಗ್ ಮೆಲ್ಲೋ ಅವರು ಮಣ್ಣಿನಲ್ಲಿ ಬದುಕುವ, ಒಂದು ಮಿಲಿಮೀಟರ್ ಉದ್ದದ ಹುಳುವೊಂದರಲ್ಲಿ ಉತ್ತರ ಕಂಡುಕೊಂಡರು: ಎರಡು ಎಳೆಗಳು ಹೆಣೆದುಕೊಂಡ ಆರ್‌ಎನ್‌ಎಯನ್ನು ಜೀವಕೋಶದೊಳಗೆ ಸೇರಿಸಿದರೆ, ಅದಕ್ಕೆ ಹೊಂದುವ ಜೀನಿನ ನಕಲುಗಳು ನಾಶವಾಗುತ್ತವೆ. 2006ರಲ್ಲಿ ಇಬ್ಬರಿಗೂ ವೈದ್ಯಕೀಯದ ನೊಬೆಲ್ ಬಂದಿತು. ನಡುವೆ 2001ರಲ್ಲಿ ಜರ್ಮನಿಯ ಥಾಮಸ್ ಟುಶ್ಲ್ ಅವರ ತಂಡ, ಕೇವಲ 21 ಅಕ್ಷರಗಳ ಚಿಕ್ಕ ಆರ್‌ಎನ್‌ಎ ತುಣುಕು ಮನುಷ್ಯನ ಕೋಶದಲ್ಲಿಯೂ ಈ ಕೆಲಸ ಮಾಡಬಲ್ಲದೆಂದು ತೋರಿಸಿತ್ತು. ಔಷಧ ಕಂಪನಿಗಳ ಓಟ ಅಲ್ಲಿಂದ ಶುರುವಾಯಿತು.

ಈ ತುಣುಕು ಕೋಶದೊಳಗೆ ಹೊಕ್ಕಾಗ ಆಗುವುದೇನು? ಅಲ್ಲಿ ಕಾಯುತ್ತಿರುವ ಪ್ರೋಟೀನುಗಳ ಕೂಟವೊಂದು ಅದನ್ನು ಹಿಡಿದು, ಎರಡು ಎಳೆಗಳಲ್ಲಿ ಒಂದನ್ನು ಎಸೆದು, ಇನ್ನೊಂದನ್ನು ಮಾದರಿಯಾಗಿ ಇಟ್ಟುಕೊಳ್ಳುತ್ತದೆ. ಆ ಮಾದರಿಗೆ ಅಕ್ಷರಕ್ಕೆ ಅಕ್ಷರ ಹೊಂದುವ ಸಂದೇಶ ಎದುರಾದರೆ ಆರ್ಗೊನಾಟ್ ಎಂಬ ಪ್ರೋಟೀನು ಅದನ್ನು ಕತ್ತರಿಸಿಬಿಡುತ್ತದೆ. ಮಾದರಿ ಎಳೆ ಕೆಡುವುದಿಲ್ಲ. ಮುಂದಿನ ನಕಲಿಗಾಗಿ ಕಾಯುತ್ತದೆ. ಬಿದರಿ ಕುಶಲಕರ್ಮಿಗಳ ಕೆಲಸ ಬಲ್ಲವರಿಗೆ ಇದು ಬೇಗ ಅರ್ಥವಾದೀತು. ಬೀದರ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ ಕಾಯಿಸಿ, ಬೆಳ್ಳಿ ಕೂಡಿಸಿದ ಪಾತ್ರೆಯ ಮೇಲೆ ಉಜ್ಜಿದರೆ ಸತು-ತಾಮ್ರದ ನೆಲ ಮಾತ್ರ ಕಪ್ಪಾಗುತ್ತದೆ, ಬೆಳ್ಳಿಯ ಬಳ್ಳಿ ಬೆಳಗುತ್ತಲೇ ಇರುತ್ತದೆ. ಒಂದೇ ಲೇಪ, ಆದರೆ ತನಗೆ ಹೊಂದುವುದನ್ನಷ್ಟೇ ಅದು ಮುಟ್ಟುತ್ತದೆ. (ಆರ್‌ಎನ್‌ಎಯ ಆಯ್ಕೆ ಬಿದರಿ ಮಣ್ಣಿನಷ್ಟು ನಿಷ್ಠುರವಲ್ಲ, ಅಲ್ಪಸ್ವಲ್ಪ ಹೊಂದುವ ಬೇರೆ ಸಂದೇಶಗಳನ್ನೂ ಅದು ಒಮ್ಮೊಮ್ಮೆ ಅಡಗಿಸುತ್ತದೆ. ಅಡ್ಡಪರಿಣಾಮಗಳಲ್ಲಿ ಒಂದು ಪಾಲು ಹೀಗೆ ಬರುವಂಥದು.)

ನಮ್ಮ ತಾಯಂದಿರನ್ನು ಕಾಡುವ ಗರ್ಭಕಂಠದ ಕ್ಯಾನ್ಸರನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಜಾಗತಿಕ ಅಂದಾಜಿನಂತೆ 2020ರಲ್ಲಿ ಭಾರತದಲ್ಲಿ ಸುಮಾರು 1,24,000 ಮಹಿಳೆಯರಿಗೆ ಇದು ಹೊಸದಾಗಿ ಬಂದಿತು, ಸುಮಾರು 77,000 ಮಹಿಳೆಯರು ಇದರಿಂದ ತೀರಿಕೊಂಡರು. ಇದಕ್ಕೆ ಕಾರಣ ಎಚ್‌ಪಿವಿ ಎಂಬ ವೈರಸ್ ಎಂಬುದನ್ನು ಜರ್ಮನಿಯ ಹರಾಲ್ಡ್ ತ್ಸುರ್ ಹೌಸನ್ ಅವರು 1980ರ ದಶಕದಲ್ಲಿ ತೋರಿಸಿಕೊಟ್ಟು, 2008ರಲ್ಲಿ ನೊಬೆಲ್ ಪಡೆದರು. ಈ ವೈರಸ್ಸಿನ ಹಲವು ಬಗೆಗಳಲ್ಲಿ 16 ಮತ್ತು 18ನೆಯವು ಸೇರಿ ಹತ್ತರಲ್ಲಿ ಏಳು ಗರ್ಭಕಂಠದ ಕ್ಯಾನ್ಸರುಗಳಿಗೆ ಹೊಣೆ. ವೈರಸ್ಸು ತನ್ನ ಇ6 ಮತ್ತು ಇ7 ಎಂಬ ಎರಡು ಜೀನುಗಳನ್ನು ಕೋಶದ ದಫ್ತರಿನೊಳಗೆ ಕಳ್ಳತನದಿಂದ ಸೇರಿಸಿಬಿಡುತ್ತದೆ. ಇ6 ಎಂಬುದು ಪಿ53 ಎನ್ನುವ ನಮ್ಮ ಕಾವಲುಗಾರ ಪ್ರೋಟೀನನ್ನು ಕೊಲ್ಲಿಸುತ್ತದೆ. ಇ7 ಇನ್ನೊಬ್ಬ ಕಾವಲುಗಾರನನ್ನು ಕಟ್ಟಿಹಾಕುತ್ತದೆ. ಕಾವಲಿಲ್ಲದ ಹೊಲದಂತೆ ಕೋಶ ಹಾಳಾಗುತ್ತದೆ.

ಇ6, ಇ7 ನಮ್ಮ ಜೀನುಗಳಲ್ಲ, ವೈರಸ್ಸಿನವು. ಆರೋಗ್ಯವಂತ ಕೋಶದಲ್ಲಿ ಅವು ಇರುವುದೇ ಇಲ್ಲ. ಎಂದ ಮೇಲೆ ಅವನ್ನು ಮೌನಗೊಳಿಸಿದರೆ ಆರೋಗ್ಯವಂತ ಕೋಶಕ್ಕೆ ನಷ್ಟವಿಲ್ಲ. ಇದಕ್ಕಿಂತ ಸ್ಪಷ್ಟವಾದ ಗುರಿ ಕ್ಯಾನ್ಸರಿನಲ್ಲಿ ದೊರೆಯುವುದು ಕಷ್ಟ. ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾಲಯದ ಜಿಯಾಂಗ್ ಮತ್ತು ಮಿಲ್ನರ್ ಅವರು 2002ರಲ್ಲಿಯೇ ಇದನ್ನು ಮಾಡಿ ನೋಡಿದರು. ಗರ್ಭಕಂಠದ ಕ್ಯಾನ್ಸರ್ ಕೋಶಗಳಲ್ಲಿ ಇ6 ಅನ್ನು ಮೌನಗೊಳಿಸಿದಾಗ ಕಾವಲುಗಾರ ಪಿ53 ಮರಳಿ ತುಂಬಿಕೊಂಡಿತು, ಕೋಶಗಳ ಬೆಳವಣಿಗೆ ಕುಗ್ಗಿತು. ಇ7 ಅನ್ನು ಮೌನಗೊಳಿಸಿದಾಗ ಕೋಶಗಳು ತಾವಾಗಿಯೇ ಸತ್ತವು.

2002ರಲ್ಲಿ ಗಾಜಿನ ತಟ್ಟೆಯಲ್ಲಿ ಗೆದ್ದ ಈ ಉಪಾಯ ಇಂದಿಗೂ ಯಾವ ತಾಯಿಯ ಹಾಸಿಗೆಯ ಬಳಿಗೂ ಔಷಧವಾಗಿ ಬಂದಿಲ್ಲ. ಏಕೆ ಬರಲಿಲ್ಲ ಎಂಬುದರಲ್ಲಿಯೇ ಈ ವಿಷಯದ ತಿರುಳಿದೆ.

ಮುಟ್ಟಿಸುವ ಕಷ್ಟ

ಕಬ್ಬು ಬೆಳೆಯುವ ನಮ್ಮ ರೈತರಿಗೆ ಬೆಲ್ಲದ ಸ್ವಭಾವ ಗೊತ್ತು. ಮಳೆಯಲ್ಲಿ ಬರಿಗೈಯಲ್ಲಿ ಬೆಲ್ಲ ಹಿಡಿದು ಹೊರಟರೆ ಸಂತೆ ಮುಟ್ಟುವಷ್ಟರಲ್ಲಿ ಕೈಗೆ ಅಂಟು ಮಾತ್ರ ಉಳಿಯುತ್ತದೆ. ಆರ್‌ಎನ್‌ಎಯ ಗತಿಯೂ ಅದೇ. ನಮ್ಮ ರಕ್ತದಲ್ಲಿ ಆರ್‌ಎನ್‌ಎಯನ್ನು ಕತ್ತರಿಸುವ ಕಿಣ್ವಗಳಿವೆ. ವೈರಸ್ಸುಗಳಿಂದ ನಮ್ಮನ್ನು ಕಾಯಲೆಂದೇ ಪ್ರಕೃತಿ ಅವನ್ನು ಇಟ್ಟಂತಿದೆ. ಅವುಗಳಿಂದ ತಪ್ಪಿಸಿಕೊಂಡ ಚಿಕ್ಕ ತುಣುಕನ್ನು ಮೂತ್ರಪಿಂಡ ಕೆಲವೇ ನಿಮಿಷಗಳಲ್ಲಿ ಸೋಸಿ ಹೊರಗೆ ಹಾಕುತ್ತದೆ. ಅದನ್ನೂ ದಾಟಿ ಕೋಶದ ಬಾಗಿಲಿಗೆ ಬಂದರೆ, ಆರ್‌ಎನ್‌ಎಗೂ ಋಣವಿದ್ಯುತ್ತು, ಕೋಶಪೊರೆಗೂ ಋಣವಿದ್ಯುತ್ತು, ಒಂದನ್ನೊಂದು ದೂಡುತ್ತವೆ.

ಆದ್ದರಿಂದ ಪೊಟ್ಟಣ ಬೇಕು. ಆ ಪೊಟ್ಟಣವೇ ನ್ಯಾನೊಕಣ. ಒಂದು ಮೀಟರನ್ನು ನೂರು ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೊಮೀಟರ್. ನಮ್ಮ ತಲೆಗೂದಲಿನ ದಪ್ಪ ಸುಮಾರು 80,000 ನ್ಯಾನೊಮೀಟರ್. ಔಷಧ ಸಾಗಿಸುವ ಕೊಬ್ಬಿನ ನ್ಯಾನೊಕಣದ ಅಗಲ 100ರ ಆಸುಪಾಸು. ನಾಲ್ಕು ಬಗೆಯ ಕೊಬ್ಬುಗಳನ್ನು ಕೂಡಿಸಿ ಇದನ್ನು ಕಟ್ಟುತ್ತಾರೆ. ಅವುಗಳಲ್ಲಿ ನಮಗೆಲ್ಲ ಹೆಸರು ಗೊತ್ತಿರುವ ಕೊಲೆಸ್ಟ್ರಾಲ್ ಕೂಡ ಒಂದು. ಜಾಣತನವೆಲ್ಲ ಇನ್ನೊಂದು ಕೊಬ್ಬಿನಲ್ಲಿದೆ. ಅದು ಹುಳಿ ಇರುವಲ್ಲಿ ಮಾತ್ರ ಧನವಿದ್ಯುತ್ತು ತಾಳುತ್ತದೆ, ರಕ್ತದಲ್ಲಿ ತಟಸ್ಥವಾಗಿರುತ್ತದೆ. ಕೋಶವು ನ್ಯಾನೊಕಣವನ್ನು ನುಂಗಿ ಒಳಗಿನ ಚೀಲವೊಂದರಲ್ಲಿ ಇಟ್ಟುಕೊಂಡಾಗ ಆ ಚೀಲ ಹುಳಿಯಾಗುತ್ತದೆ. ಆಗ ಈ ಕೊಬ್ಬು ಎಚ್ಚೆತ್ತು ಚೀಲವನ್ನು ಹರಿದು ಆರ್‌ಎನ್‌ಎಯನ್ನು ಹೊರಗೆ ಬಿಡಬೇಕು. ಬಿಡಬೇಕು ಎಂದೆನೇ ಹೊರತು ಬಿಡುತ್ತದೆ ಎನ್ನಲಿಲ್ಲ. 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಲೆಕ್ಕ ಹಾಕಿ ನೋಡಿದಾಗ, ಕೋಶ ನುಂಗಿದ ಆರ್‌ಎನ್‌ಎಯಲ್ಲಿ ನೂರಕ್ಕೆ ಒಂದೆರಡು ಪಾಲು ಮಾತ್ರ ಚೀಲದಿಂದ ಪಾರಾಗಿತ್ತು. ಉಳಿದದ್ದು ಚೀಲದಲ್ಲಿಯೇ ಜೀರ್ಣವಾಯಿತು.

ಇಷ್ಟು ಸೋರಿಕೆಯಿದ್ದರೂ ಯಕೃತ್ತಿನ ವಿಷಯದಲ್ಲಿ ಈ ಪೊಟ್ಟಣ ಗೆದ್ದಿದೆ. ರಕ್ತಕ್ಕೆ ಬಿದ್ದೊಡನೆ ಈ ಕಣಗಳ ಮೈಗೆ ಕೊಬ್ಬು ಸಾಗಿಸುವ ಪ್ರೋಟೀನೊಂದು ಅಂಟಿಕೊಳ್ಳುತ್ತದೆ. ಯಕೃತ್ತು ಅದನ್ನು ಕಂಡು, ಊಟದ ಕೊಬ್ಬೇ ಬಂದಿದೆಯೆಂದು ತಿಳಿದು ಒಳಗೆ ಕರೆದುಕೊಳ್ಳುತ್ತದೆ. ಈ ದಾರಿಯಲ್ಲಿ ಸಾಗುವ ಪ್ಯಾಟಿಸಿರಾನ್ ಎಂಬ ಔಷಧಕ್ಕೆ 2018ರ ಆಗಸ್ಟಿನಲ್ಲಿ ಅಮೆರಿಕ ಒಪ್ಪಿಗೆ ನೀಡಿತು. ಈ ಬಗೆಯ ಚಿಕ್ಕ ಆರ್‌ಎನ್‌ಎ ತುಣುಕಿನಿಂದ ಜೀನನ್ನು ಮೌನಗೊಳಿಸುವ ಜಗತ್ತಿನ ಮೊದಲ ಔಷಧ ಅದೇ. ಆದರೆ ಅದು ಕ್ಯಾನ್ಸರಿನದಲ್ಲ. ಯಕೃತ್ತು ತಯಾರಿಸುವ ಒಂದು ಪ್ರೋಟೀನು ಕೆಟ್ಟು ನರಗಳಲ್ಲಿ ಶೇಖರವಾಗುವ ಅಪರೂಪದ ಆನುವಂಶಿಕ ರೋಗದ್ದು. ಮೂರು ವಾರಕ್ಕೊಮ್ಮೆ ರಕ್ತನಾಳಕ್ಕೆ ಕೊಡಬೇಕಾದ ಈ ಔಷಧಕ್ಕೆ ಬಿಡುಗಡೆಯ ಹೊತ್ತಿಗೆ ವರ್ಷಕ್ಕೆ 4,50,000 ಡಾಲರ್ ಬೆಲೆ ಇಟ್ಟಿದ್ದರು. ಮುಂದೆ ಅದೇ ಕಂಪನಿಯ ರಸಾಯನ ವಿಜ್ಞಾನಿ, ನಮ್ಮ ನೆರೆಯ ತಮಿಳುನಾಡಿನ ಮುತ್ತಯ್ಯ ಮನೋಹರನ್ ಮತ್ತು ಸಂಗಡಿಗರು ಕೊಬ್ಬಿನ ಪೊಟ್ಟಣವನ್ನೇ ಬಿಟ್ಟು, ಯಕೃತ್ತು ಮಾತ್ರ ಗುರುತಿಸುವ ಸಕ್ಕರೆಯೊಂದನ್ನು ಆರ್‌ಎನ್‌ಎಗೆ ಕಟ್ಟುವ ವಿಧಾನವನ್ನು ಬೆಳೆಸಿದರು. ಕೆಟ್ಟ ಕೊಲೆಸ್ಟ್ರಾಲನ್ನು ಇಳಿಸಲು ಆರು ತಿಂಗಳಿಗೊಮ್ಮೆ ಚರ್ಮದಡಿ ಕೊಡುವ ಇನ್‌ಕ್ಲಿಸಿರಾನ್ ಆ ದಾರಿಯದೇ. ಕೊರೋನಾ ಕಾಲದಲ್ಲಿ ಅಮೆರಿಕ, ಯುರೋಪುಗಳಲ್ಲಿ ಕೊಟ್ಟ ಫೈಜರ್ ಮತ್ತು ಮೊಡೆರ್ನಾ ಲಸಿಕೆಗಳ ಪೊಟ್ಟಣವೂ ಇದೇ ಕೊಬ್ಬಿನ ನ್ಯಾನೊಕಣ. ಅಲ್ಲಿ ಒಳಗಿದ್ದದ್ದು ಸಂದೇಶವನ್ನು ಹರಿಯುವ ಆರ್‌ಎನ್‌ಎ ಅಲ್ಲ, ಸಂದೇಶವೇ.

ಯಕೃತ್ತಿಗೆ ಹೋಗುವುದು ಸುಲಭ ಎಂದರೆ, ಬೇರೆಡೆಗೆ ಕಳಿಸುವುದು ಕಷ್ಟ ಎಂದೇ ಅರ್ಥ. ಗರ್ಭಕಂಠದ ಗಡ್ಡೆಗೋ ಬಾಯಿಯ ಗಡ್ಡೆಗೋ ಹೊರಟ ಪೊಟ್ಟಣವನ್ನು ಯಕೃತ್ತು, ಗುಲ್ಮ ನಡುದಾರಿಯಲ್ಲಿಯೇ ಹಿಡಿದುಬಿಡುತ್ತವೆ. ಗಡ್ಡೆಯ ರಕ್ತನಾಳಗಳು ಅವಸರದಲ್ಲಿ ಬೆಳೆದಂಥವು, ಗೋಡೆಯಲ್ಲಿ ಬಿರುಕುಗಳಿರುತ್ತವೆ, ಕಣಗಳು ಅಲ್ಲಿ ಸೋರಿ ಗಡ್ಡೆಯಲ್ಲಿ ನಿಲ್ಲುತ್ತವೆ ಎಂದು 1986ರಲ್ಲಿ ಜಪಾನಿನ ಮಾತ್ಸುಮುರಾ ಮತ್ತು ಮಯೇಡಾ ಅವರು ಹೇಳಿದಾಗಿನಿಂದ ಎಲ್ಲರೂ ಅದರ ಮೇಲೆ ಭರವಸೆ ಇಟ್ಟಿದ್ದರು. 2016ರಲ್ಲಿ ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದ ತಂಡ ಹಿಂದಿನ ಹತ್ತು ವರ್ಷಗಳ ಪ್ರಾಣಿ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ ಗಡ್ಡೆಯನ್ನು ತಲುಪಿದ ಪಾಲಿನ ಮಧ್ಯಾಂಕ ನೂರಕ್ಕೆ 0.7 ಮಾತ್ರ! ಬೇರೆ ಬೇರೆ ಪ್ರಯೋಗಗಳ ಅಂಕಿಗಳನ್ನು ಗುಣಿಸುವುದು ಶಾಸ್ತ್ರಸಮ್ಮತವಲ್ಲವಾದರೂ ಅಂದಾಜಿಗಾಗಿ ಒಮ್ಮೆ ಗುಣಿಸಿ ನೋಡಿ. ಒಂದು ಲಕ್ಷ ಪಾಲು ಔಷಧ ಕೊಟ್ಟರೆ ಗಡ್ಡೆಗೆ ಏಳು ನೂರು. ಅಷ್ಟನ್ನೂ ಕೋಶಗಳು ನುಂಗಿದವೆಂದು ಉದಾರವಾಗಿ ಹಿಡಿದರೂ ಕೆಲಸಕ್ಕೆ ಒದಗುವುದು ಏಳರಿಂದ ಹದಿನಾಲ್ಕು.

ರೋಗಿಗಳಲ್ಲಿ ಆದದ್ದು

ಮನುಷ್ಯರಲ್ಲಿ ಇದು ಸಾಧ್ಯವೇ ಇಲ್ಲವೆಂದು ಮಾತ್ರ ಹೇಳುವಂತಿಲ್ಲ. ಕ್ಯಾಲಿಫೋರ್ನಿಯಾದ ಮಾರ್ಕ್ ಡೇವಿಸ್ ಅವರ ತಂಡ 2008ರಲ್ಲಿ ಕ್ಯಾನ್ಸರ್ ರೋಗಿಗಳಿಗೆ ನ್ಯಾನೊಕಣದ ಆರ್‌ಎನ್‌ಎ ಕೊಡಲು ಆರಂಭಿಸಿತು. ಚರ್ಮದ ಮೆಲನೋಮಾ ಕ್ಯಾನ್ಸರಿದ್ದ ಮೂವರ ಗಡ್ಡೆಯಿಂದ ಚೂರು ತೆಗೆದು ನೋಡಿದಾಗ, ಕೊಟ್ಟ ಪ್ರಮಾಣಕ್ಕೆ ತಕ್ಕಂತೆ ಕಣಗಳು ಒಳಗಿದ್ದುದು ಕಂಡಿತು. ಒಬ್ಬ ರೋಗಿಯಲ್ಲಿ ಗುರಿಯಾಗಿದ್ದ ಸಂದೇಶವು ಸರಿಯಾಗಿ ನಿರೀಕ್ಷಿಸಿದ ಜಾಗದಲ್ಲಿಯೇ ತುಂಡಾಗಿದ್ದುದೂ ಗೊತ್ತಾಯಿತು. 2010ರಲ್ಲಿ ಪ್ರಕಟವಾದ ಈ ಸುದ್ದಿ ಇಡೀ ಕ್ಷೇತ್ರಕ್ಕೆ ಹುರುಪು ತಂದಿತು. ಆದರೂ ಒಟ್ಟು 24 ರೋಗಿಗಳಿಗೆ ಕೊಟ್ಟ ಮೇಲೆ ಆ ಔಷಧ ಮುಂದಿನ ಹಂತಕ್ಕೆ ಹೋಗಲಿಲ್ಲ. ಸಂದೇಶ ಹರಿಯಿತು ಎಂಬುದು ಒಂದು ಮಾತು, ರೋಗಿ ಬದುಕಿದ ಎಂಬುದು ಇನ್ನೊಂದು. ಪತ್ರಿಕೆಗಳ ತಲೆಬರಹಗಳು ಈ ಎರಡನ್ನೂ ಒಂದೇ ಎಂಬಂತೆ ಬರೆಯುತ್ತವೆ.

2013ರಲ್ಲಿ ವರದಿಯಾದ ಮತ್ತೊಂದು ಪ್ರಯೋಗದಲ್ಲಿ 41 ರೋಗಿಗಳಿದ್ದರು. ಗರ್ಭಕೋಶದ ಒಳಪದರದ ಕ್ಯಾನ್ಸರು ಯಕೃತ್ತಿಗೆ ಹಬ್ಬಿದ್ದ ಒಬ್ಬ ಮಹಿಳೆಯಲ್ಲಿ ಗಡ್ಡೆಗಳು ಪೂರ್ತಿ ಮಾಯವಾದವು. ನಲವತ್ತೊಂದರಲ್ಲಿ ಒಬ್ಬರು, ಅದೂ ಗಡ್ಡೆ ಯಕೃತ್ತಿನಲ್ಲಿದ್ದಾಗ. ಇಸ್ರೇಲಿನ ವೈದ್ಯರು ರಕ್ತದ ದಾರಿಯನ್ನೇ ಬಿಟ್ಟು, ಮೇದೋಜೀರಕ ಗ್ರಂಥಿಯ ಗಡ್ಡೆಯೊಳಗೆ ನೇರವಾಗಿ ಆರ್‌ಎನ್‌ಎ ತುಂಬಿದ ಪುಟ್ಟ ಕಡ್ಡಿಯನ್ನು ಚುಚ್ಚಿಟ್ಟು, ಅದು ತಿಂಗಳುಗಟ್ಟಲೆ ನಿಧಾನವಾಗಿ ಕರಗುವಂತೆ ಮಾಡಿದರು. 15 ರೋಗಿಗಳ ಮೊದಲ ಹಂತದಲ್ಲಿ ಹೆಚ್ಚಿನವರ ಗಡ್ಡೆ ಕೆಲಕಾಲ ಬೆಳೆಯದೆ ನಿಂತಿತು. ಗರ್ಭಕಂಠವು ಹೊರಗಿನಿಂದ ಕೈಗೆ ಎಟುಕುವ ಅಂಗವಾದ್ದರಿಂದ, ಇಂಥ ನೇರ ದಾರಿ ಅಲ್ಲಿಗೂ ಒಪ್ಪಬಹುದೆಂದು ನನಗೆ ತೋರುತ್ತದೆ.

ಕಹಿ ಅಧ್ಯಾಯವನ್ನೂ ಹೇಳಬೇಕು. ಕೊಬ್ಬಿನ ಕಣದಲ್ಲಿ ಸೂಕ್ಷ್ಮ ಆರ್‌ಎನ್‌ಎಯೊಂದನ್ನು ತುಂಬಿ ಕ್ಯಾನ್ಸರಿಗೆ ಕೊಟ್ಟ ಅಮೆರಿಕದ ಒಂದು ಪ್ರಯೋಗವನ್ನು 2016ರಲ್ಲಿ ನಿಲ್ಲಿಸಬೇಕಾಯಿತು. ದೇಹದ ರೋಗನಿರೋಧಕ ಶಕ್ತಿ ಕೆರಳಿ ನಾಲ್ವರು ರೋಗಿಗಳು ತೀರಿಕೊಂಡರು. ಹೊರಗಿನಿಂದ ಬಂದ ಆರ್‌ಎನ್‌ಎಯನ್ನು ದೇಹ ವೈರಸ್ ಎಂದು ಭಾವಿಸಿ ಯುದ್ಧ ಹೂಡುವ ಅಪಾಯ ಸದಾ ಇದೆ. ಅದನ್ನು ತಗ್ಗಿಸಲು ಆರ್‌ಎನ್‌ಎಯ ಅಕ್ಷರಗಳಿಗೆ ಸಣ್ಣಪುಟ್ಟ ರಾಸಾಯನಿಕ ಬದಲಾವಣೆ ಮಾಡುತ್ತಾರೆ. "ಅಡ್ಡಪರಿಣಾಮವೇ ಇಲ್ಲ" ಎಂದು ಹೇಳುವವರ ಮುಂದೆ ಈ ನಾಲ್ವರನ್ನು ನೆನೆಯಬೇಕು.

ನಮ್ಮ ನಾಡಿನಲ್ಲಿಯೂ ಈ ಕೆಲಸ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಂತನು ಭಟ್ಟಾಚಾರ್ಯ ಮತ್ತು ಕೊಂಡಯ್ಯ ಅವರ ತಂಡಗಳು ಕೊಲೆಸ್ಟ್ರಾಲನ್ನು ಆಧಾರವಾಗಿಟ್ಟ ಧನವಿದ್ಯುತ್ತಿನ ಕೊಬ್ಬುಗಳನ್ನು ತಯಾರಿಸಿ, ಅವು ಜೀನುಗಳನ್ನು ಕ್ಯಾನ್ಸರ್ ಕೋಶಗಳೊಳಗೆ ಎಷ್ಟು ಚೆನ್ನಾಗಿ ಒಯ್ಯುತ್ತವೆಂದು ವರ್ಷಗಟ್ಟಲೆ ಪರೀಕ್ಷಿಸಿವೆ. ಅದು ಪ್ರಯೋಗಾಲಯದ ಕೆಲಸ. ಅಲ್ಲಿಗೆ ರೋಗಿಯನ್ನು ಕರೆದುಕೊಂಡು ಹೋಗಿ ಪ್ರಯೋಜನವಿಲ್ಲ. ಜೀನನ್ನು ಮೌನಗೊಳಿಸುವ ಈ ಬಗೆಯ ಒಂದೇ ಒಂದು ಆರ್‌ಎನ್‌ಎ ಔಷಧವೂ ಇದನ್ನು ಬರೆಯುವ ಹೊತ್ತಿಗೆ ಕ್ಯಾನ್ಸರ್ ಚಿಕಿತ್ಸೆಗೆ ಒಪ್ಪಿಗೆ ಪಡೆದಿಲ್ಲ, ಭಾರತದಲ್ಲಷ್ಟೇ ಅಲ್ಲ, ಎಲ್ಲಿಯೂ.

ಆದ್ದರಿಂದ "ನ್ಯಾನೊ" ಎಂಬ ಹೆಸರಿನ ಹನಿ, ಪುಡಿ, ಸೂಜಿಯನ್ನು ಯಾರಾದರೂ ಕ್ಯಾನ್ಸರಿಗೆಂದು ಮಾರಲು ಬಂದರೆ ಹೊಲ ಅಡವಿಡುವ ಮೊದಲು ಮೂರು ಮಾತು ಕೇಳಿ. ಇದು ಪ್ರಯೋಗವಾದರೆ ಭಾರತೀಯ ಕ್ಲಿನಿಕಲ್ ಟ್ರಯಲ್ ನೋಂದಣಿಯಲ್ಲಿ ಇದರ ಸಂಖ್ಯೆ ಯಾವುದು? ಈ ನೋಂದಣಿ 2009ರ ಜೂನಿನಿಂದ ಕಡ್ಡಾಯ. ನೈತಿಕ ಸಮಿತಿಯ ಒಪ್ಪಿಗೆಯಿದೆಯೇ, ಒಪ್ಪಿಗೆ ಪತ್ರ ನಮಗೆ ತಿಳಿಯುವ ಭಾಷೆಯಲ್ಲಿದೆಯೇ? ಪ್ರಯೋಗದ ಔಷಧಕ್ಕೆ ನಮ್ಮಿಂದ ಹಣ ಏಕೆ ಕೇಳುತ್ತೀರಿ? ನಿಜವಾದ ಪ್ರಯೋಗದಲ್ಲಿ ಔಷಧವನ್ನು ರೋಗಿಗೆ ಮಾರುವುದಿಲ್ಲ. ಮೂರನೆಯ ಪ್ರಶ್ನೆಗೆ ಬರುವ ಉತ್ತರದಲ್ಲಿಯೇ ಸಾಮಾನ್ಯವಾಗಿ ನಿಜ ಹೊರಬೀಳುತ್ತದೆ.

ಗಡಿಯಾಚೆಯ ಹಳ್ಳಿಗಳು ಕಲಿಸಿದ್ದು

ಅದೇ ಎಚ್‌ಪಿವಿ ವೈರಸ್ಸನ್ನು ಎದುರಿಸುವ, ನ್ಯಾನೊಕಣ ಬೇಡದ, ಇಂದೇ ಕೈಯಲ್ಲಿರುವ ಉಪಾಯವೊಂದಿದೆ. ಅದನ್ನು ಜಗತ್ತಿಗೆ ತೋರಿಸಿಕೊಟ್ಟವರು ನಮ್ಮ ನೆರೆಯ ಹಳ್ಳಿಗಳ ತಾಯಂದಿರು. ಲಾತೂರಿನ ಆಚೆಗಿರುವ ಉಸ್ಮಾನಾಬಾದ ಜಿಲ್ಲೆ, ಇಂದಿನ ಧಾರಾಶಿವ, ನಮಗೆ ದೂರದ ನಾಡಲ್ಲ. 1956ರವರೆಗೆ ನಾವೂ ಅವರೂ ಒಂದೇ ಹೈದರಾಬಾದ ರಾಜ್ಯದವರು; ಆಗ ಉದಗೀರ, ನಿಲಂಗಾ ತಾಲೂಕುಗಳು ಬೀದರ ಜಿಲ್ಲೆಗೇ ಸೇರಿದ್ದವು. ಅದೇ ಜೋಳ-ತೊಗರಿಯ ಊಟ, ಹಾಗೆಯೇ ಬೇಗ ನಡೆಯುವ ಮದುವೆಗಳು, ಹೆಂಗಸರ ಬೇನೆಯನ್ನು ಬಾಯಿಬಿಟ್ಟು ಹೇಳದ ಅದೇ ಸಂಕೋಚ.

ಅಲ್ಲಿ 1999ರಿಂದ ಮುಂಬಯಿಯ ಟಾಟಾ ಸ್ಮಾರಕ ಕೇಂದ್ರ, ಬಾರ್ಶಿಯ ನರ್ಗಿಸ್ ದತ್ತ ಸ್ಮಾರಕ ಕ್ಯಾನ್ಸರ್ ಆಸ್ಪತ್ರೆ ಮತ್ತು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಗಳು ಕೂಡಿ, 52 ಗ್ರಾಮಸಮೂಹಗಳ 30ರಿಂದ 59 ವಯಸ್ಸಿನ 1,31,746 ಆರೋಗ್ಯವಂತ ಮಹಿಳೆಯರನ್ನು ನಾಲ್ಕು ಗುಂಪು ಮಾಡಿದವು. ಒಂದು ಗುಂಪಿಗೆ ಬಾಳಿನಲ್ಲಿ ಒಂದೇ ಒಂದು ಸಲ ಎಚ್‌ಪಿವಿ ಪರೀಕ್ಷೆ; ಇನ್ನೊಂದಕ್ಕೆ ಪ್ಯಾಪ್ ಪರೀಕ್ಷೆ; ಮೂರನೆಯದಕ್ಕೆ ತೆಳು ಅಸಿಟಿಕ್ ಆಮ್ಲ ಹಚ್ಚಿ ಕಣ್ಣಿನಿಂದ ನೋಡುವ ಪರೀಕ್ಷೆ; ನಾಲ್ಕನೆಯದಕ್ಕೆ ತಿಳಿವಳಿಕೆ ಮತ್ತು ಊರಲ್ಲಿ ದೊರೆಯುವ ಸಾಮಾನ್ಯ ಸೇವೆ ಮಾತ್ರ. ದೋಷ ಕಂಡವರಿಗೆ ಚಿಕಿತ್ಸೆ ಕೊಟ್ಟು ಎಂಟು ವರ್ಷ ಕಾದು ನೋಡಿದರು. ಎಚ್‌ಪಿವಿ ಪರೀಕ್ಷೆಯ ಗುಂಪಿನ 34,126 ಮಹಿಳೆಯರಲ್ಲಿ ಈ ಕ್ಯಾನ್ಸರಿನಿಂದ ಸತ್ತವರು 34. ನಾಲ್ಕನೆಯ ಗುಂಪಿನ 31,488ರಲ್ಲಿ 64. ಒಂದು ಪರೀಕ್ಷೆ, ಬಾಳಿನಲ್ಲಿ ಒಂದೇ ಸಲ, ಸಾವು ಸುಮಾರು ಅರ್ಧಕ್ಕೆ ಇಳಿಯಿತು. ಇನ್ನೆರಡು ಪರೀಕ್ಷೆಗಳು ಈ ಅಧ್ಯಯನದಲ್ಲಿ ಅಷ್ಟು ಫಲ ಕೊಡಲಿಲ್ಲ. 2009ರಲ್ಲಿ ಇದು ಪ್ರಕಟವಾದ ಮೇಲೆ ಜಗತ್ತಿನ ತಪಾಸಣೆಯ ನೀತಿಯೇ ಎಚ್‌ಪಿವಿ ಪರೀಕ್ಷೆಯತ್ತ ಹೊರಳಿತು. ನಾಲ್ಕನೆಯ ಗುಂಪಿಗೆ ತಪಾಸಣೆ ಮಾಡದೆ ಬಿಟ್ಟದ್ದು ನ್ಯಾಯವೇ ಎಂದು ಮುಂದೆ ಹಲವರು ಪ್ರಶ್ನಿಸಿದರು; ಪ್ರಶ್ನೆ ಸರಿಯಾದದ್ದೇ. ಆ 64 ಜನರ ಋಣ ಎಲ್ಲ ತಾಯಂದಿರ ಮೇಲಿದೆ.

ಕ್ಯಾನ್ಸರಾಗುವ ಮೊದಲಿನ ಸ್ಥಿತಿ ಹತ್ತು ಹದಿನೈದು ವರ್ಷ ಇರುತ್ತದೆ. ಆಗ ಕಂಡುಬಂದರೆ ಆ ಭಾಗವನ್ನು ಶಾಖದಿಂದ ಸುಡುವ ಅಥವಾ ತಣ್ಪಿನಿಂದ ಕೊಲ್ಲುವ ಹತ್ತು ನಿಮಿಷದ ಚಿಕಿತ್ಸೆ ಸಾಮಾನ್ಯವಾಗಿ ಸಾಕು. ಗಡ್ಡೆಯಾಗಿ, ಗರ್ಭಕಂಠದಲ್ಲಿಯೇ ಉಳಿದಿದ್ದಾಗ ಚಿಕಿತ್ಸೆ ಪಡೆದವರಲ್ಲಿ, ಅಮೆರಿಕದ ಲೆಕ್ಕದಂತೆ, ಹತ್ತಕ್ಕೆ ಒಂಬತ್ತು ಜನ ಐದು ವರ್ಷ ದಾಟುತ್ತಾರೆ. ದೂರ ಹಬ್ಬಿದ ಮೇಲೆ ಬಂದವರಲ್ಲಿ ಹತ್ತಕ್ಕೆ ಇಬ್ಬರು. "ಹೊಸ ಸೂಜಿ ಬರೂತನಾ ತಡೆಯುವುದು" ಎಂದರೆ ಮೊದಲ ಸಾಲಿನಿಂದ ಎರಡನೆಯ ಸಾಲಿಗೆ ನಡೆದುಹೋಗುವುದು.

ಹೆಣ್ಣುಮಕ್ಕಳಿಗೆ ಲಸಿಕೆಯೂ ಇದೆ. ಪುಣೆಯ ಸೀರಮ್ ಸಂಸ್ಥೆ ತಯಾರಿಸಿದ ದೇಶೀ ಎಚ್‌ಪಿವಿ ಲಸಿಕೆ 2023ರ ಜನವರಿಯಲ್ಲಿ ಬಿಡುಗಡೆಯಾಯಿತು. 9ರಿಂದ 14 ವಯಸ್ಸಿನಲ್ಲಿ, ಮದುವೆಗೆ ಬಹಳ ಮೊದಲು, ಕೊಟ್ಟರೆ ಹೆಚ್ಚು ಫಲ. ಲಸಿಕೆಯಿಂದ ಮಕ್ಕಳಾಗುವುದಿಲ್ಲ ಎಂಬ ಗಾಳಿಮಾತಿಗೆ ಆಧಾರವಿಲ್ಲ. ಲಸಿಕೆ ಹಾಕಿಸಿಕೊಂಡವರೂ ಮುಂದೆ ತಪಾಸಣೆ ಮಾಡಿಸಿಕೊಳ್ಳಬೇಕು.

ಮುಟ್ಟು ನಿಂತು ವರ್ಷವಾದ ಮೇಲೆ ಮತ್ತೆ ರಕ್ತ ಕಂಡರೆ, ಗಂಡಹೆಂಡಿರ ಸಂಪರ್ಕದ ನಂತರ ರಕ್ತ ಬಂದರೆ, ದುರ್ವಾಸನೆಯ ಬಿಳಿಸೆರಗು ನಿಲ್ಲದಿದ್ದರೆ ಒಂದು ವಾರವೂ ಕಾಯಬಾರದು. ಸೊಸೆ ಅತ್ತೆಗೆ ಹೇಳಲು ನಾಚಿದರೆ ಆಶಾ ಕಾರ್ಯಕರ್ತೆಗೆ ಹೇಳಲಿ. ಅತ್ತೆಯಂದಿರೂ ಸೊಸೆಗೆ ಹೇಳಲಿ, ಏಕೆಂದರೆ ಈ ರೋಗ ಹೆಚ್ಚಾಗಿ ಕಾಣುವುದು ಅತ್ತೆಯ ವಯಸ್ಸಿನವರಲ್ಲಿ. ಲಕ್ಷಣವಿಲ್ಲದ 30 ದಾಟಿದ ಮಹಿಳೆಯರಿಗೂ ಗರ್ಭಕಂಠ, ಸ್ತನ, ಬಾಯಿಯ ತಪಾಸಣೆಯನ್ನು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಮಾಡುವ ಕಾರ್ಯಕ್ರಮವಿದೆ. ಸಮೀಪದ ಆರೋಗ್ಯ ಕೇಂದ್ರದಲ್ಲಿ ಯಾವ ದಿನ ಮಾಡುತ್ತಾರೆಂದು ಮೊದಲೇ ವಿಚಾರಿಸಿಕೊಂಡು ಹೋದರೆ ದಿನಗೂಲಿ ವ್ಯರ್ಥವಾಗುವುದಿಲ್ಲ. ಮುಂದಿನ ಪರೀಕ್ಷೆ ಬೇಕಾದರೆ ಬೀದರಿನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ. ಕ್ಯಾನ್ಸರೆಂದು ನಿಶ್ಚಯವಾದರೆ ಕಲಬುರಗಿಯಲ್ಲಿರುವ ಕಿದ್ವಾಯಿ ಸಂಸ್ಥೆಯ ಕೇಂದ್ರ ಅಥವಾ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆಯಿದೆ. ಎಪಿಎಲ್ ಕುಟುಂಬಕ್ಕೆ ವೆಚ್ಚದ ನೂರಕ್ಕೆ 30 ಪಾಲು, 1.5 ಲಕ್ಷದವರೆಗೆ. ಆಧಾರ್ ಮತ್ತು ರೇಷನ್ ಕಾರ್ಡನ್ನು ಜೊತೆಯಲ್ಲಿ ಒಯ್ಯಬೇಕು.

ತಪಾಸಣೆಗೆ ಮುಟ್ಟಿನ ದಿನಗಳನ್ನು ಬಿಟ್ಟು ಹೋಗಬೇಕು. ಉಪವಾಸ ಬೇಕಿಲ್ಲ, ಅರಿವಳಿಕೆ ಬೇಕಿಲ್ಲ, ಐದಾರು ನಿಮಿಷದ ಕೆಲಸ. ಆಮ್ಲ ಹಚ್ಚಿದಾಗ ಸ್ವಲ್ಪ ಚುರುಗುಟ್ಟಬಹುದು. ಆಮ್ಲದ ಪರೀಕ್ಷೆಯ ಫಲ ಅಲ್ಲಿಯೇ ಗೊತ್ತಾಗುತ್ತದೆ. ಬಿಳಿ ಕಲೆ ಕಂಡಿತೆಂದರೆ ಕ್ಯಾನ್ಸರೇ ಎಂದು ಅರ್ಥವಲ್ಲ, ಇನ್ನೊಂದು ಪರೀಕ್ಷೆ ಬೇಕೆಂದು ಅರ್ಥ. ಆ ಚೀಟಿಯನ್ನು ಮಡಚಿ ಪೆಟ್ಟಿಗೆಯಲ್ಲಿಡದೆ ಅದೇ ವಾರ ಬೀದರಿಗೆ ಹೋಗಬೇಕು.